ರವಿಕೆ ಕಣ ಇಲ್ಲದ ಬಾಗಿನ

೨೦೦೮ರ ಗೌರಿ ಹಬ್ಬದ ಹಿಂದಿನ ಭಾನುವಾರ ನಾನು ಆಲೂರಿನಿಂದ ವನಗೂರಿಗೆ ಬಾಗಿನ ತೆಗೆದುಕೊಂಡು ಹೋಗಿ, ನನ್ನ ಸೋದರತ್ತೆಯ ರಕ್ತ ಕೇಳಿದೆ.

ನಮ್ಮ ಮನೆಯಿಂದ ಅವರಿಗೆ ಬಾಗಿನ ಹೋಗದೆ ಎಂಟೊಂಬತ್ತು ವರ್ಷವಾಗಿತ್ತು. ಅತ್ತೆ ಅಪ್ಪನ ತಂಗಿ; ಗಂಡ ಅಲ್ಲಿನ ಎಸ್ಟೇಟೊಂದರಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್. ಕ್ಯಾನ್ಸರ್ ಎಂದು ಅವರ ಎಡ ಸ್ತನ ತೆಗೆದ ವರ್ಷ, ಹಬ್ಬದ ಹೊತ್ತಿಗೆ ಅವ್ವ ಮೊರದ ಮುಂದೆ ಕೂತು, ಬಳೆ ಅರಿಸಿನದ ಜೊತೆ ರವಿಕೆ ಕಣ ಇಡಬೇಕೋ ಬೇಡವೋ ಎಂದು ಅಪ್ಪನನ್ನು ಕೇಳಿದಳು. ಇಟ್ಟರೆ ಅಣಕಿಸಿದ ಹಾಗೆ. ಬಿಟ್ಟರೆ ಅದು ಬಾಗಿನವೇ ಅಲ್ಲ. ಅಪ್ಪ ಚಪ್ಪಲಿ ಮೆಟ್ಟಿ ಹೊರಗೆ ಹೋದ. ಆ ವರ್ಷ ಬಾಗಿನ ಹೋಗಲಿಲ್ಲ. ಮರುವರ್ಷವೂ ಇಲ್ಲ. ಅಪ್ಪ ತೀರಿಕೊಂಡ ಮೇಲೆ ಒಯ್ಯಬೇಕಾದವನು ನಾನು. ನಾನೂ ಹೋಗಲಿಲ್ಲ.

೨೦೦೮ರ ಬೇಸಿಗೆಯಲ್ಲಿ ನನ್ನ ತಂಗಿಯ ಎದೆಯಲ್ಲಿ ಒಂದು ಗಂಟು ಸಿಕ್ಕಿತ್ತು. ಅದು ಕ್ಯಾನ್ಸರ್ ಅಲ್ಲ ಎಂದಾಯಿತು. ಆದರೆ ಅಜ್ಜಿ ಸತ್ತದ್ದು ಅದರಿಂದಲೇ, ಅತ್ತೆಗೂ ಬಂದಿತ್ತು ಎಂದು ಕೇಳಿದ ಬೆಂಗಳೂರಿನ ಡಾಕ್ಟರು, ಇದು ವಂಶದಲ್ಲಿ ಇಳಿದು ಬರುವಂಥದ್ದು ಇರಬಹುದು, ಗಂಡಸರ ಮೂಲಕವೂ ಇಳಿಯುತ್ತದೆ ಎಂದರು. ಮೊದಲು ಕಾಯಿಲೆ ಬಂದವರ ರಕ್ತ ಪರೀಕ್ಷಿಸಬೇಕು. ಅದರಲ್ಲಿ ದೋಷ ಸಿಕ್ಕರೆ ಮಾತ್ರ, ಅದೇ ದೋಷ ತಂಗಿಯಲ್ಲಿ ಇದೆಯೋ ಇಲ್ಲವೋ ಎಂದು ಖಚಿತವಾಗಿ ಹೇಳಬಹುದು. ಅಂಥವರಲ್ಲಿ ಬದುಕಿದ್ದವರು ಅತ್ತೆ ಒಬ್ಬರೇ.

ತಂಗಿ ತನ್ನ ಪುಟ್ಟ ಮಗಳಿಗೆ ನೀರೆರೆಯುವುದನ್ನು ಅವ್ವನಿಗೆ ಬಿಟ್ಟಿದ್ದಳು. ಮಗುವಿನ ಬರಿಮೈ ನೋಡಲಾಗುವುದಿಲ್ಲ ಎಂದಳು.

ಬರಿಗೈಯಲ್ಲಿ ಹೋಗಿ ಕೇಳುವುದು ಹೇಗೆ ಎಂದು ಅವ್ವನೇ ಮೊರ ಕಟ್ಟಿಕೊಟ್ಟಳು. ಸಕಲೇಶಪುರದವರೆಗೆ ಬಸ್ಸು, ಅಲ್ಲಿಂದ ಜೀಪು. ಮೊರವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ.

ಅತ್ತೆ ಕೂರಿಸಿ, ಇಷ್ಟು ವರ್ಷ ಯಾಕೆ ಬರಲಿಲ್ಲ ಎಂದು ಕೇಳದೆ, ಅವ್ವನ ಮಂಡಿನೋವು ವಿಚಾರಿಸಿದರು. ಕಾಲೇಜು ಓದುತ್ತಿದ್ದ ಅವರ ಮಗಳು ಕಾಫಿ ತಂದಳು. ಅತ್ತೆ ಮೊರ ಬಿಚ್ಚಿ ಬಳೆ ನೋಡಿದರು, ತೆಂಗಿನಕಾಯಿ ಎತ್ತಿ ಅದರಡಿ ನೋಡಿದರು.

"ಕಣ ಎಲ್ಲೋ?"

ನಾನು ಕಾಫಿ ಲೋಟ ಬಾಯಿಗಿಟ್ಟೆ.

"ನಿಮ್ಮವ್ವ ಮರೆಯೋಳಲ್ಲ. ಒಂದು ಹೋದ್ರೆ ರವಿಕೆನೇ ಬ್ಯಾಡ ಅಂದ್ಕಂಡ್ಳಾ? ಇನ್ನೊಂದು ಐತೆ ಕಣೋ."

ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅತ್ತೆಯೂ ನಕ್ಕರು. ಆ ನಗು ನಿಲ್ಲುವ ಮೊದಲೇ ವಿಷಯ ಹೇಳಿಬಿಡೋಣ ಎಂದು ಹೇಳಿದೆ. ಪತ್ರಿಕೆಗೆ ಸುದ್ದಿ ಬರೆಯುವವನ ಅಭ್ಯಾಸ: ಏನಾಯಿತು, ಯಾರಿಗೆ, ಡಾಕ್ಟರು ಏನೆಂದರು, ನಮಗೆ ಏನು ಬೇಕು. ಅತ್ತೆ ಬಳೆಗಳನ್ನು ಮತ್ತೆ ಮೊರದೊಳಗೆ ಇಟ್ಟರು.

"ಹಂಗಾರೆ ಬಾಗಿನಕ್ಕೆ ಬಂದಿದ್ದಲ್ಲ ನೀನು."

ಅಲ್ಲ ಎಂದೆ.

ತಂಗಿ ಸರಿಯಾಗಿ ಉಣ್ಣುತ್ತಾಳಾ, ನಿದ್ದೆ ಮಾಡುತ್ತಾಳಾ ಎಂದು ಕೇಳಿದರು. ತಾವು ಎತ್ತಿ ಆಡಿಸಿದ ಕೂಸು, ರಕ್ತ ಎಷ್ಟು ಬೇಕೋ ತೆಗೆದುಕೊಳ್ಳಲಿ ಎಂದರು. ಆಮೇಲೆ ದನಿ ಇಳಿಸಿ ಕೇಳಿದರು:

"ನಿನ್ ತಂಗಿದು ಹೇಳ್ದೆ. ನಮ್ಮುಡುಗಿದು?"

ಹುಡುಗಿ ನನ್ನ ಖಾಲಿ ಲೋಟ ತೆಗೆಯಲು ಬಂದು ಅಲ್ಲೇ ನಿಂತಿದ್ದಳು. ಇಳಿದು ಬರುವ ಕಾಯಿಲೆಯ ವಿಷಯವನ್ನು ನಾನು ಅಷ್ಟು ಹೊತ್ತು ಅವಳೆದುರಿಗೇ ಹೇಳಿದ್ದೆ. ನಮ್ಮ ಮನೆಯಲ್ಲಿ ತಿಂಗಳುಗಟ್ಟಲೆ ನಡೆದ ಮಾತಿನಲ್ಲಿ ಅವಳ ಹೆಸರು ಒಮ್ಮೆಯೂ ಬಂದಿರಲಿಲ್ಲ. ಅವಳು ಲೋಟ ತೆಗೆದುಕೊಂಡು ಒಳಗೆ ಹೋದಳು. ನಾನು ಹೊರಡುವವರೆಗೂ ಹೊರಗೆ ಬರಲಿಲ್ಲ.

ಹಬ್ಬ ಕಳೆದ ಮೇಲೆ ಅತ್ತೆ ಬೆಂಗಳೂರಿಗೆ ಬಂದು ರಕ್ತ ಕೊಟ್ಟರು. ದೋಷ ಸಿಕ್ಕಿತು. ಅದು ತಂಗಿಯಲ್ಲಿ ಇಲ್ಲ ಎಂದು ವರದಿ ಬಂದ ದಿನ ಅವ್ವ ಪಾಯಸ ಮಾಡಿದಳು. ವನಗೂರಿಗೆ ಫೋನು ಮಾಡುವುದು ಮರುದಿನಕ್ಕೆ, ಆಮೇಲೆ ಅದರ ಮರುದಿನಕ್ಕೆ ಹೋಯಿತು. ಕೊನೆಗೆ ಮಾಡಿದಾಗ ಅತ್ತೆ, ಒಳ್ಳೇದಾಯ್ತು ಬಿಡು ಎಂದರು.

ಮರುವರ್ಷದ ಬಾಗಿನದಲ್ಲಿ ಅವ್ವ ಹಸಿರು ಕಣ ಇಟ್ಟಳು. ಅತ್ತೆ ಅದನ್ನು ಹೊಲಿಸಿ ತೊಟ್ಟುಕೊಂಡರು. ಅವರ ಮಗಳು ಇದುವರೆಗೆ ರಕ್ತ ಪರೀಕ್ಷೆ ಮಾಡಿಸಿಲ್ಲ.