ದವನ ಬಂದು ಹೋದ ಹೊತ್ತು

ಮೊನ್ನೆ ಊರಿಗೆ ಹೋಗಿಬಂದ ಪಕ್ಕದ ಮನೆಯವರು ಪ್ರಸಾದದ ಪೊಟ್ಟಣ ಕೊಟ್ಟರು. ಬಿಚ್ಚಿದರೆ ಕುಂಕುಮದ ಜೊತೆ ಒಂದು ಬಾಡಿದ ದವನದ ಕಡ್ಡಿ. ದೆಹಲಿಯ ಜನಕಪುರಿಯ ಮೂರನೆಯ ಮಹಡಿಯಲ್ಲಿ ದವನದ ವಾಸನೆ ಎದ್ದಿತು. ಅದರ ಹಿಂದೆಯೇ ನಮ್ಮ ಮೇಡಂ ಬಂದು ಕೂತರು...

ನೋಯ್ಡಾದ ಆ ಪ್ರಯೋಗಾಲಯದಲ್ಲಿ ಕನ್ನಡಿಗರೆಂದರೆ ನಾವಿಬ್ಬರೇ. ಹೋಗಿಬರುವುದೂ ಒಂದೇ ಮೆಟ್ರೋದಲ್ಲಿ. ಬಟ್ಟಿ ಇಳಿಸಿದ ಸುಗಂಧದ ಎಣ್ಣೆಗಳಲ್ಲಿ ಕಲಬೆರಕೆ ಇದೆಯೇ ಎಂದು ನೋಡುವುದು ನಮ್ಮ ಕೆಲಸ. ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಎಂಬ ಯಂತ್ರ ನನ್ನ ಸುಪರ್ದಿನಲ್ಲಿತ್ತು. ಚೂರೇ ಚೂರು ಎಣ್ಣೆಯನ್ನು ಆವಿ ಮಾಡಿ ಕೂದಲೆಳೆಯಂಥ ಉದ್ದನೆಯ ಕೊಳವೆಯಲ್ಲಿ ಓಡಿಸಿದರೆ, ಅದರೊಳಗಿನ ಒಂದೊಂದು ಅಂಶವೂ ತನ್ನ ತನ್ನ ಹೊತ್ತಿಗೆ ಹೊರಬರುತ್ತಿತ್ತು. ಅರ್ಧ ಆವಿ ಯಂತ್ರಕ್ಕೆ. ಅದು ನನ್ನ ಪರದೆಯ ಮೇಲೆ ಗುಡ್ಡವಾಗಿ ಏಳುತ್ತಿತ್ತು. ಇನ್ನರ್ಧ ಗಾಜಿನ ಸೊಂಡಿಲಿನ ಮೂಲಕ ಮೇಡಂ ಮೂಗಿಗೆ. ಪರದೆ ಕಾಣದ ಹಾಗೆ ಅವರು ಗೋಡೆಗೆ ಮುಖ ಮಾಡಿ ಕೂರಬೇಕು, ಎದುರಿಗೊಂದು ಗಡಿಯಾರ. "ನಿಂಬೆ", "ಹಸಿ ಹುಲ್ಲು" ಎಂದು ಅವರು ತೀರ್ಪು ಕೊಡುವರು, ನಾನು ದಾಖಲಿಸುವೆನು. ಆ ಮೂಗಿನ ಮೇಲೆ ಮೇಲ್ಮನವಿ ಇರಲಿಲ್ಲ.

ದವನದೆಣ್ಣೆ ಬಂದ ದಿನ ಅವರಿಗೆ ಹಬ್ಬ. ದವನ ಒಬ್ಬೊಬ್ಬರ ಮೈಮೇಲೆ ಒಂದೊಂದು ಥರ ಎಂದು ಎಲ್ಲರ ಮಣಿಕಟ್ಟಿಗೂ ಸವರಿ ಮೂಸುತ್ತಿದ್ದರು. ಅವರ ಕೈಯಲ್ಲಿ ಅದು ಜೇನಲ್ಲಿ ನೆನೆದ ಹಣ್ಣು. "ನಿಮ್ಮ ಕೈಯಲ್ಲಿ ಮಾತ್ರ ಆಫೀಸ್ ಫೈಲು ಕಣ್ರೀ!" ಎಂದು ನನಗೆ ಷರಾ ಬರೆದಿದ್ದರು.

ಒಮ್ಮೆ ಜ್ವರದಲ್ಲಿ ಮಲಗಿದ್ದು, ಎದ್ದು ಕೆಲಸಕ್ಕೆ ಮರಳಿದರು. ಅಷ್ಟರಲ್ಲಿ ನಾನು ಯಂತ್ರಕ್ಕೆ ಹೊಸ ಕೊಳವೆ ಹಾಕಿದ್ದೆ. ಹಳೆಯದಕ್ಕಿಂತ ಮೋಟು, ಎಲ್ಲವೂ ಬೇಗ ಹೊರಬರುತ್ತಿತ್ತು. ಮೂಗಿಗೆ ಮುಂಚಿತವಾಗಿ ನೋಟಿಸು ಕೊಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಅವರು ಮರಳಿದ ದಿನವೇ ದವನದೆಣ್ಣೆ. ಪರದೆಯಲ್ಲಿ ದವನದ ಗುಡ್ಡ ಎದ್ದಿತು, ಇಳಿಯಿತು. ಮೇಡಂ ಸುಮ್ಮನಿದ್ದರು. ಪರದೆ ಬಯಲಾಗಿ ಎಷ್ಟೋ ಹೊತ್ತಾದ ಮೇಲೆ, ಗಡಿಯಾರ ನೋಡಿ, ಬೆರಳೆತ್ತಿ, "ಬಂತು, ದವನ. ಒಳ್ಳೇ ಮಾಲು" ಎಂದರು.

ಯಂತ್ರ ನಿಲ್ಲಿಸಿ, "ಚಲೋ ಮೇಡಂ, ಚಹಾ" ಎಂದೆ.

ಗೇಟಿನ ಹೊರಗೆ ಭಯ್ಯಾ ಕೊಟ್ಟ ಶುಂಠಿ ಚಹಾ ಅವರ ಕೈಯಲ್ಲೇ ಆರಿತು.

"ಹೋಗ್ಬಿಟ್ಟಿತ್ತಾ?"

"ಎರಡು ಸ್ಟೇಷನ್ ದಾಟಿತ್ತು ಮೇಡಂ."

ನಕ್ಕರು. ಆಮೇಲೆ ನಗು ನಿಂತಿತು. "ಜ್ವರ ಬಂದಾಗಿಂದ ಏನೂ ಗೊತ್ತಾಗಲ್ಲ ರೀ. ಅನ್ನ ಸೀದ್ರೂ ಮಗಳೇ ಹೇಳ್ಬೇಕು. ಯಾವ್ದು ಎಷ್ಟೊತ್ತಿಗೆ ಬರುತ್ತೆ ಅಂತ ಬಾಯಿಪಾಠ ಇತ್ತಲ್ಲ, ಗಡಿಯಾರ ನೋಡ್ಕೊಂಡು ಹೇಳ್ದೆ. ಈ ಮೂಗು ಬಿಟ್ರೆ ನನ್ನ ಹತ್ರ ಇನ್ನೇನಿದೆ ಅಂತ ಇಲ್ಲಿ ಇಟ್ಕೋತಾರೆ?"

ಅವರೇ ಒಳಗೆ ಹೋಗಿ ಸಾಹೇಬರಿಗೆ ಹೇಳಿದರು. ಹೊರಬಂದವರು ನನ್ನನ್ನು ತಮ್ಮ ಕುರ್ಚಿಗೆ ದಬ್ಬಿದರು.

"ನಾನು ಕೆಲಸ ಬಿಟ್ಟು ಹೊರಡೋದ್ರೊಳಗೆ ನಿಮ್ಮನ್ನ ತಯಾರು ಮಾಡ್ಬೇಕಂತೆ. ನಿಮಗೂ ಮೂಗಿದೆಯಲ್ಲ?"

"ಕನ್ನಡಕಕ್ಕೆ ಅಂತ ಇಟ್ಕೊಂಡಿದ್ದೀನಿ ಮೇಡಂ."

ಮೂಸಿದೆ. ಸೊಂಡಿಲಿನಿಂದ ಬಂದದ್ದಕ್ಕೆ "ಹಳೇ ಕೊಡೆ" ಎಂದೆ.

"ಒಣಗಿಸಿ ಮಡಚಿದ್ದಾ, ಒದ್ದೆಯಲ್ಲೇ ಮಡಚಿದ್ದಾ?" ಎಂದು ಬೆನ್ನ ಹಿಂದಿನಿಂದ ಪಾಟಿಸವಾಲು. ವಾಸನೆಯೇ ಇಲ್ಲದವರು ವಾಸನೆ ಕಲಿಸಿದರು. ಕಲಿತವನು ನಾನು ಎಂಬುದು ಅದಕ್ಕಿಂತ ದೊಡ್ಡ ಪವಾಡ.

ಕಡೆಯ ದಿನ ದವನದ ಸೀಸೆ ತೆರೆದು, ತಮ್ಮ ಮಣಿಕಟ್ಟಿಗೆ ಸವರಿ, ನನ್ನ ಮುಂದೆ ಚಾಚಿದರು. "ನೋಡಿ, ನನ್ನ ಕೈಲಿ ಈಗ್ಲೂ ಹಾಗೇ ಇದೆಯಾ?"

ಮೂಸಿದೆ. ಜೇನು, ಹಣ್ಣು... "ಹಾಗೇ ಇದೆ ಮೇಡಂ."

"ಸುಮ್ನೆ ಹೇಳ್ತಿಲ್ಲ ತಾನೇ?"

"ವರದಿ ಬರೆದು ಸಹಿ ಹಾಕ್ಲಾ?"

ಬೇಡವೆಂದು ತಲೆಯಾಡಿಸಿ, ಆ ಮಣಿಕಟ್ಟನ್ನು ಸೆರಗಿನಿಂದ ಮುಚ್ಚಿಕೊಂಡು ಹೊರಟರು.

ಅವರು ತೀರಿಕೊಂಡದ್ದು ಹೋದ ಚಳಿಗಾಲದಲ್ಲಿ. ಮೂಗು ಕೊನೆಯವರೆಗೂ ಮರಳಲಿಲ್ಲವೆಂದು ಮಗಳು ಹೇಳಿದಳು. ಮೊನ್ನೆ ಆ ಕಡ್ಡಿಯನ್ನು ನನ್ನ ಮಣಿಕಟ್ಟಿಗೆ ಉಜ್ಜಿ ಮೂಸಿದೆ. ಆಫೀಸ್ ಫೈಲು. ಷರಾ ಇಂದಿಗೂ ಸರಿಯಾಗಿದೆ. ಎಷ್ಟು ಉಜ್ಜಿದರೂ ಜೇನಲ್ಲಿ ನೆನೆದ ಆ ಹಣ್ಣು ಬರಲಿಲ್ಲ. ಅದಕ್ಕೆ ಆ ಕೈಯೇ ಬೇಕಿತ್ತು...