ಎದುರು ಬದಿಯಿಂದ ಬಂದ ಸಾಲು

ನಂಬಿ ಎಂದು ನಾನು ಯಾರನ್ನೂ ಒತ್ತಾಯಿಸುವುದಿಲ್ಲ. ನನ್ನ ಗಂಡನೇ ಇದನ್ನು ಕೇಳಿ ನಕ್ಕು, ಪೇಪರ್ ಓದಲು ಕೂತರು. ಆದರೆ ಆ ಕತ್ತಲಲ್ಲಿ ಕೂತಿದ್ದವಳು ನಾನು. ಕೇಳಿಸಿಕೊಂಡ ಕಿವಿ ನನ್ನದು.

ತೊಂಬತ್ತರ ದಶಕದ ಕೊನೆಯ ಮಾತು. ಸಿದ್ದಾಪುರದಲ್ಲಿ ನಮ್ಮದೊಂದು ಹವ್ಯಾಸಿ ನಾಟಕ ತಂಡವಿತ್ತು. ಟೀಚರುಗಳು, ಅಂಗಡಿಯವರು, ಆಫೀಸಿನವರು... ಹೀಗೆ ಹದಿನೈದು ಜನ. ಮುಚ್ಚಿಹೋದ ಅಕ್ಕಿ ಗಿರಣಿಯೊಂದು ನಮ್ಮ ರಂಗಮಂದಿರ. ಒಳಗೆ ಕಾಲಿಟ್ಟರೆ ಹಳೆಯ ತೌಡಿನ ವಾಸನೆ. ರಾತ್ರಿಯಾದರೆ ತಗಡಿನ ಮಾಡು ತಣ್ಣಗಾಗುತ್ತ ಟಿಕ್... ಟಿಕ್... ಎನ್ನುತ್ತಿತ್ತು.

ಆ ಸಲ ದೀಪಾವಳಿಯಿಂದ ಯುಗಾದಿಯೊಳಗೆ ನಾಲ್ಕು ನಾಟಕ ಆಡುವುದೆಂದು ಊರೆಲ್ಲ ಬೋರ್ಡು ಹಾಕಿದ್ದೆವು. ಮೊದಲನೆಯದೇ ಹಾಡಿನ ನಾಟಕ. ದೋಣಿ ನಡೆಸುವ ಹೆಂಗಸೊಬ್ಬಳ ಕಥೆ. ಬರೆದು ಆಡಿಸುತ್ತಿದ್ದವರು ಗಣಪತಣ್ಣ. ಆರು ವರ್ಷದಿಂದ ಅವರ ನಾಟಕಕ್ಕೆಲ್ಲ ನಾನೇ ನಾಯಕಿ. ದೋಣಿಯವಳೂ ನಾನೇ ಎಂದು ನಂಬಿ, ಒಗ್ಗರಣೆ ಹಾಕುತ್ತ, ಬಟ್ಟೆ ಒಣಹಾಕುತ್ತ ಇಡೀ ನಾಟಕವನ್ನು ಬಾಯಿಪಾಠ ಮಾಡಿಬಿಟ್ಟಿದ್ದೆ.

ಆಗ ಬಂದಳು ಸವಿತಾ. ಹಾವೇರಿ ಕಡೆಯ ಹುಡುಗಿ, ಇಲ್ಲಿನ ಶಾಲೆಗೆ ಹೊಸ ಟೀಚರ್. ತಾಲೀಮು ನೋಡಲೆಂದು ಬಂದವಳನ್ನು ಗಣಪತಣ್ಣ ಸುಮ್ಮನೆ ಹಾಡಲು ಹೇಳಿದರು. ಅವಳು ಹಾಡಿದಳು. ಹಾರ್ಮೋನಿಯಂ ನುಡಿಸುತ್ತಿದ್ದವರು ಕೈ ನಿಲ್ಲಿಸಿ ಅವಳ ಮುಖವನ್ನೇ ನೋಡಿದರು. ಅಷ್ಟೇ. ನನ್ನ ಪಾತ್ರ ಹೋಯಿತು.

"ತಂಗಿ, ಈ ಸಲ ನೀ ಪ್ರಾಂಪ್ಟ್ ಮಾಡು. ನಿಂಗೆ ಪೂರಾ ಬಾಯಿಪಾಠ ಇದ್ದು," ಎಂದರು ಗಣಪತಣ್ಣ, ನಮ್ಮಿಬ್ಬರ ಮನೆಮಾತಿನಲ್ಲಿ.

ಆಗಲಿ ಎಂದೆ. ರಂಗದ ಪಕ್ಕದ ವಿಂಗಿನ ಮರೆಯಲ್ಲಿ ಟಾರ್ಚು ಹಿಡಿದು ಕೂತು, ಮಾತು ಮರೆತವರಿಗೆ ಸಾಲು ಪಿಸುಗುಟ್ಟುವ ಕೆಲಸ. ನಾನು ಹಾಡಬೇಕಿದ್ದದ್ದನ್ನು ಅವಳು ಹಾಡುವಾಗ ಹೊಟ್ಟೆಯಲ್ಲಿ ಕೆಂಡ ಇಟ್ಟಂತಾಗುತ್ತಿತ್ತು. ಅವಳು ಒಳ್ಳೆಯವಳು ಬೇರೆ. ಚಲೋ ಆಯಿತೇ ಎಂದು ಪ್ರತಿ ಸಲ ನನ್ನನ್ನೇ ಕೇಳುತ್ತಿದ್ದಳು. ಅದಕ್ಕೆ ಇನ್ನೂ ಉರಿ. ಅವಳ ಗಂಟಲು ಕಟ್ಟಲಿ ಎಂದು ದೇವರ ಮುಂದೆ ಕೈಮುಗಿದದ್ದೂ ಉಂಟು. ಸುಳ್ಳು ಹೇಳುವುದಿಲ್ಲ.

ಪ್ರದರ್ಶನಕ್ಕೆ ಮೂರು ದಿನವಿತ್ತು. ರಾತ್ರಿ ತಾಲೀಮಿನ ನಡುವೆ ಕರೆಂಟು ಹೋಯಿತು. ಇಬ್ಬರು ಗ್ಯಾಸ್‌ಲೈಟು ತರಲು ಹೋದರು. ಉಳಿದವರು ಎದುರಿನ ಹೋಟೆಲಿಗೆ ಚಾ ಕುಡಿಯಲು ಎದ್ದರು. ಸವಿತಾಳ ಪಕ್ಕ ಕೂತು ಚಾ ಕುಡಿಯುವ ಮನಸ್ಸಿಲ್ಲದೆ ನಾನೊಬ್ಬಳೇ ಉಳಿದೆ.

ಟಾರ್ಚು ಆರಿಸಿ ಕೂತಿದ್ದೆ. ಗವ್ವೆನ್ನುವ ಕತ್ತಲು...

ಆಗ ರಂಗದ ಮೇಲೆ ಹಾಡು ಶುರುವಾಯಿತು.

"ದೋಣಿಯ ಕಟ್ಟಿ ಹಾಕಿದೆ ನಾನೇ... ದಡವನು ಯಾರು ಒಯ್ದರು ಹೇಳೆ..."

ಸವಿತಾ ಹಿಂದೆ ಉಳಿದಿದ್ದಾಳೆ ಎಂದುಕೊಂಡೆ. ಆದರೆ ಅಷ್ಟು ಚೆನ್ನಾಗಿ ಅವಳು ಯಾವತ್ತೂ ಹಾಡಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಮೆಚ್ಚಿ ಬಂದದ್ದಲ್ಲ ಅದು.

ಮೂರನೆಯ ಸಾಲಿಗೆ ಹಾಡು ನಿಂತಿತು. ಮರೆತಳು. ಸಾಲು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಒದ್ದಾಡಲಿ ಎಂದು ಬಾಯಿ ಬಿಗಿಹಿಡಿದೆ.

ಹಲಗೆಯ ಮೇಲೆ ಬರಿಗಾಲಿನ ಸಪ್ಪಳ... ನನ್ನ ಕಡೆಗೇ ಬಂತು... ಪಕ್ಕದಲ್ಲೇ ನಿಂತಿತು. ಮುಖಕ್ಕೆ ಹಚ್ಚುವ ಬಣ್ಣ, ತೆಂಗಿನೆಣ್ಣೆ ಬೆರೆತ ವಾಸನೆ ಮೂಗಿಗೆ ಹೊಡೆಯಿತು. ಆ ದಿನ ಯಾರೂ ಬಣ್ಣ ಹಚ್ಚಿರಲಿಲ್ಲ.

"ಸಾಲು ಕೊಡ್ತಿಲ್ಯಾ?"

ಕಿವಿಗೆ ಉಸಿರು ತಾಗುವಷ್ಟು ಹತ್ತಿರ... ಸಾಲು ಕೊಡುವುದಿಲ್ಲವೇ ಎಂದು, ನಮ್ಮ ಮನೆಮಾತಿನಲ್ಲಿ. ಸವಿತಾಳಿಗೆ ಆ ಮಾತು ಬರುತ್ತಿರಲಿಲ್ಲ.

ಟಾರ್ಚು ಒತ್ತಿದೆ. ಪಕ್ಕದಲ್ಲಿ ಯಾರೂ ಇಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಬೆಳಕಾಯಿತು. ಗ್ಯಾಸ್‌ಲೈಟಿನ ಹಿಂದೆ ಎಲ್ಲರೂ ಒಳಗೆ ಬಂದರು. ಅವರ ನಡುವೆ ಸವಿತಾ, ನನಗೆಂದು ಒಂದು ಲೋಟ ಚಾ ಹಿಡಿದುಕೊಂಡು.

ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಹೊಟ್ಟೆಕಿಚ್ಚಿಗೆ ತಲೆ ಕೆಟ್ಟಿದೆ ಎನ್ನುತ್ತಿದ್ದರು.

ಪ್ರದರ್ಶನದ ರಾತ್ರಿ ಗಿರಣಿ ತುಂಬಿತ್ತು. ಹೆಗ್ಗರಣೆಯಿಂದಲೂ ಜನ ಬಂದಿದ್ದರು. ಸವಿತಾ ಹಾಡು ಎತ್ತಿಕೊಂಡಳು. ಒಂದು ಸಾಲು... ಎರಡು ಸಾಲು... ನಿಂತುಬಿಟ್ಟಳು. ಅದೇ ಜಾಗ. ಅವಳ ಕಣ್ಣು ನನ್ನ ಕಡೆ ತಿರುಗಿತು.

ನಾನು ತಕ್ಷಣ ಕೊಡಲಿಲ್ಲ. ಎರಡು ಉಸಿರಿನಷ್ಟು ಹೊತ್ತು ಸುಮ್ಮನಿದ್ದೆ. ಜನ ಗುಸುಗುಸು ಶುರುಮಾಡಿದರು. ಆ ಸದ್ದು ನನಗೆ ಹಿತವಾಗಿತ್ತು. ಆಮೇಲೆ ಅವಳ ತುಟಿ ನಡುಗುವುದು ಕಂಡು ನಾಚಿಕೆಯಾಗಿ ಬಾಯಿ ತೆರೆದೆ. ದನಿ ಹೊರಡಲಿಲ್ಲ. ಗಂಟಲನ್ನು ಒಳಗಿನಿಂದ ಯಾರೋ ಅಮುಕಿ ಹಿಡಿದಂತೆ...

"ಹುಟ್ಟು ಕೈಯಲೇ ಉಳಿದಿದೆ ನೋಡೆ."

ಎದುರು ಬದಿಯ ವಿಂಗಿನಿಂದ ಬಂತು ಆ ಸಾಲು. ಹೆಂಗಸಿನ ಪಿಸುದನಿ, ಒಂದೊಂದು ಅಕ್ಷರವೂ ಸ್ಪಷ್ಟ. ಆ ಬದಿಯಲ್ಲಿ ಗಿರಣಿಯ ಗೋಡೆ, ಗೋಡೆಗೆ ಒರಗಿಸಿಟ್ಟ ಏಣಿಗಳು. ಒಬ್ಬರು ನಿಲ್ಲಲೂ ಜಾಗವಿರಲಿಲ್ಲ.

ಸವಿತಾ ಸಾಲು ಹಿಡಿದು ಹಾಡಿದಳು. ನಾಟಕ ಮುಗಿದಾಗ ಚಪ್ಪಾಳೆ ನಿಲ್ಲಲೇ ಇಲ್ಲ. ಪರದೆ ಬಿದ್ದದ್ದೇ ಓಡಿಬಂದು ನನ್ನ ಎರಡೂ ಕೈ ಹಿಡಿದಳು.

"ಅಕ್ಕಾರ, ನೀವು ಹೇಳಿಕೊಡಲಿಲ್ಲಂದ್ರ ಇವತ್ತ ನನ್ನ ಮರ್ಯಾದಿ ಹೋಗತಿತ್ರಿ."

ಅವಳಿಗೆ ಅದು ನನ್ನ ದನಿಯಾಗಿಯೇ ಕೇಳಿತ್ತಂತೆ. ನಾನಲ್ಲ ಎನ್ನಬೇಕಿತ್ತು. ಹೌದೆಂಬಂತೆ ತಲೆಯಾಡಿಸಿದೆ.

ಎಲ್ಲರೂ ಹೋದ ಮೇಲೆ ಗಣಪತಣ್ಣನನ್ನು ಕೇಳಿದೆ, ಎದುರು ಬದಿಗೆ ಯಾರನ್ನಾದರೂ ನಿಲ್ಲಿಸಿದ್ದಿರಾ ಎಂದು. ಬೀಗ ಹಾಕುತ್ತಿದ್ದ ಕೈ ನಿಂತಿತು.

"ಆ ಬದಿಗೆ ಯಾರೂ ಇಲ್ಲೆ. ಆನೂ ಕೇಳಿಸ್ಕಂಡಿ..." ಎಂದರು, ತಮಗೂ ಆ ದನಿ ಕೇಳಿತ್ತೆಂದು. ಬೀಗ ಒತ್ತಿ ಹಾಕಿ, "ನೀ ಮನೆಗೆ ಹೋಗು ತಂಗಿ," ಎಂದರು.

ಉಳಿದ ಮೂರು ನಾಟಕಕ್ಕೆ ನಾನು ಆ ಕಡೆ ತಲೆ ಹಾಕಲಿಲ್ಲ. ಸವಿತಾ ಎರಡು ವರ್ಷದ ಮೇಲೆ ವರ್ಗವಾಗಿ ಹೋದಳು. ಗಿರಣಿಯನ್ನೂ ಕೆಡವಿದರು.

ನಿದ್ದೆ ಬಾರದ ರಾತ್ರಿ ನನಗೆ ನೆನಪಾಗುವುದು ಮಾತ್ರ ಬೇರೆಯೇ. ಆ ದೋಣಿಯ ನಾಟಕಕ್ಕೂ ಎರಡು ವರ್ಷ ಮೊದಲು, ಅದೇ ರಂಗದ ಮೇಲೆ ನಾನೂ ಮಾತು ಮರೆತು ಕಂಬದ ಹಾಗೆ ನಿಂತಿದ್ದೆ. ಜನ ನಗುವಷ್ಟು ಹೊತ್ತು ನಿಂತಿದ್ದೆ. ಆಗ ಆ ಬದಿಯಿಂದ ನನಗೆ ಯಾರೂ ಸಾಲು ಕೊಟ್ಟಿರಲಿಲ್ಲ.