ತೇರ್ಸಿನ ಹೊತ್ತಿಗೆ ಬರುವ ಸದ್ದು

“ಈ ತಂತಿಗೆ ಮೊದಲು ಸಿಡಿಲು ಬರ್ತದಾ, ಪೊಲೀಸರು ಬರ್ತಾರಾ? ಅದೊಂದು ಹೇಳಿ.”

ಕೆಮ್ಮಣ್ಣು ಎಂಬ ಈ ಕರಾವಳಿಯ ಊರಿನಲ್ಲಿ ನನಗೆ ಸಿಕ್ಕ ಸ್ವಾಗತ ಇದು. ಕೇಳಿದವರು ಮನೆಯೊಡತಿ ಲೂಸಿಬಾಯಿ. ನಾನು ಆಗಷ್ಟೇ ಎರಡು ತೆಂಗಿನಮರಗಳ ನಡುವೆ ರೇಡಿಯೋದ ಆಂಟೆನಾ ತಂತಿ ಕಟ್ಟಿಸಿ ಖುಷಿಯಲ್ಲಿದ್ದೆ. ನಮ್ಮ ವಿಜಯಪುರದಲ್ಲಾಗಿದ್ದರೆ ಇಡೀ ಓಣಿ ಮಾಳಿಗೆ ಹತ್ತಿ ಬಂದು, ಇದೇನು ಅದೇನು ಎಂದು ಕೇಳಿ, ಚಹಾ ಕುಡಿದು, ತಿಳಿಯದಿದ್ದರೂ ತಲೆಯಾಡಿಸಿ ಇಳಿದು ಹೋಗುತ್ತಿತ್ತು. ಇಲ್ಲಿ ಯಾರೂ ಹತ್ತಿರ ಬರಲಿಲ್ಲ. ಕಾಂಪೌಂಡಿನಾಚೆ ನಿಂತು ನೋಡಿ, ತುಳುವಿನಲ್ಲಿ ಏನೋ ಮಾತಾಡಿಕೊಂಡು ಹೋದರು.

ಸರ್ಕಾರದ ಪರೀಕ್ಷೆ ಬರೆದು, ಪರವಾನಗಿ ಪಡೆದು, ಫೋನು ಇಂಟರ್ನೆಟ್ಟುಗಳ ಹಂಗಿಲ್ಲದೆ ಸ್ವಂತ ರೇಡಿಯೋದಲ್ಲಿ ದೂರದವರೊಡನೆ ಮಾತಾಡುವ ಹುಚ್ಚು ನನಗೆ ಶಾಲೆಯ ದಿನಗಳಿಂದಲೂ ಇದೆ. ಮಣಿಪಾಲದ ಆಸ್ಪತ್ರೆಯೊಂದರಲ್ಲಿ ಯಂತ್ರಗಳ ರಿಪೇರಿ ಕೆಲಸ ಸಿಕ್ಕಿದಾಗ ಅಲ್ಲೇ ಮನೆ ಹುಡುಕಿದೆ. ಮಾಳಿಗೆಯ ಮೇಲೆ ತಂತಿ ಎಂದ ಕೂಡಲೇ ಫ್ಲ್ಯಾಟಿನವರು “ನೋಡುವ” ಎಂದರು. ಈ ಕಡೆ “ನೋಡುವ” ಎಂದರೆ ಆಗುವುದಿಲ್ಲ ಎಂದರ್ಥ. ಅದು ತಿಳಿಯಲು ನನಗೆ ಮೂರು ಮನೆ ತಪ್ಪಬೇಕಾಯಿತು. ಕೊನೆಗೆ ದಿನಾ ಬಸ್ಸಿನಲ್ಲಿ ನೇತಾಡುವ ಕಷ್ಟ ಒಪ್ಪಿಕೊಂಡು ಲೂಸಿಬಾಯಿಯ ಮನೆಯ ಪಕ್ಕದ ಎರಡು ಕೋಣೆಗಳಿಗೆ ಬಂದೆ.

ಇಷ್ಟೆಲ್ಲ ಮಾಡಿದ್ದು ಬಸಣ್ಣ ಮಾಸ್ತರರಿಗಾಗಿ. ನನಗೆ ರೇಡಿಯೋ ಕಲಿಸಿದವರು ಅವರೇ. ಸಂಜೆ ಏಳರ ಹೊತ್ತಿಗೆ ವಿಜಯಪುರದಲ್ಲಿ ಸೆಟ್ಟಿನ ಮುಂದೆ ಕೂತು ಹಳೆಯ ಶಿಷ್ಯರನ್ನೆಲ್ಲ ಹೆಸರು ಹಿಡಿದು ಕರೆಯುತ್ತಾರೆ. ಫೋನು ಮಾಡಬಹುದಲ್ಲ ಎನ್ನುತ್ತೀರಿ. ಫೋನಿನಲ್ಲಿ ಅವರು ಕ್ಷೇಮ ಕೇಳಿ ಇಟ್ಟುಬಿಡುತ್ತಾರೆ. ರೇಡಿಯೋದಲ್ಲಿ ಮಾತ್ರ ಅವರು ಬಾಯಿಬಿಡುತ್ತಾರೆ.

ಇಲ್ಲಿಗೆ ಬಂದ ಮೇಲೆ ಆ ಹೊತ್ತಿಗೇ ಸರಿಯಾಗಿ ಒಂದು ಗರಗರ ಸದ್ದು ಶುರುವಾಗಿ ಮಾಸ್ತರರನ್ನು ನುಂಗತೊಡಗಿತು. ಹಗಲಿಡೀ ಇರದ ಸದ್ದು ಅವರು ಬಾಯಿ ತೆರೆದಾಗಲೇ ಬರಬೇಕೆ? ಮೊದಲು ಉಪ್ಪುಗಾಳಿಯ ಮೇಲೆ ಅನುಮಾನಪಟ್ಟೆ. ನಮ್ಮಲ್ಲಿ ವರ್ಷಗಟ್ಟಲೆ ಹೊಳೆಯುವ ತಾಮ್ರದ ತಂತಿ ಇಲ್ಲಿ ಬೇಗ ಹಸಿರುಗಟ್ಟುತ್ತದೆ. ಜೋಡಣೆಗಳನ್ನೆಲ್ಲ ಉಜ್ಜಿದರೂ ಸದ್ದು ಹೋಗಲಿಲ್ಲ. ಆಮೇಲೆ ಪಕ್ಕದ ಮನೆಯ ಜೆರಿ ಮೇಲೆ ಕಣ್ಣು ಬಿತ್ತು. ಆತ ಗಲ್ಫಿನಿಂದ ಮರಳಿದವನು, ಮನೆ ತುಂಬ ಏನೇನೋ ಯಂತ್ರ ಇಟ್ಟುಕೊಂಡವನು. ಬೇಕೆಂದೇ ಮಾಡುತ್ತಿದ್ದಾನೆ ಎಂದು ನಾನು ತೀರ್ಮಾನಿಸಿಬಿಟ್ಟೆ. ಅವನದೂ ನನ್ನ ಮೇಲೆ ಒಂದು ತೀರ್ಮಾನವಿತ್ತು. ಮಲ್ಪೆ ಬಂದರಿನ ದೋಣಿಗಳ ಸುದ್ದಿಯನ್ನು ಯಾರಿಗಾದರೂ ಕೊಡುತ್ತೀರಾ ಎಂದು ಬಸ್‌ಸ್ಟಾಪಿನಲ್ಲಿ ನಗುತ್ತಲೇ ಕೇಳಿದ. ಆ ನಗು ನನಗೆ ಹಿಡಿಸಲಿಲ್ಲ.

ಅಷ್ಟರಲ್ಲಿ ಲೂಸಿಬಾಯಿ ಕುಚ್ಚಲಕ್ಕಿ ಗಂಜಿ, ಮೀನುಸಾರು ಕಳಿಸುವುದನ್ನು ನಿಲ್ಲಿಸಿದರು. ಜೋಳದ ರೊಟ್ಟಿ ಮುರಿದ ನನ್ನ ಕೈ ಆಗಷ್ಟೇ ಆ ದಪ್ಪ ಅಗುಳಿಗೆ ಒಗ್ಗುತ್ತಿತ್ತು. ತಿಂಗಳ ಕೊನೆಗೆ ಬೇರೆ ಮನೆ ನೋಡಿಕೊಳ್ಳಿ ಎಂದರು. ಕಾರಣ ಹೇಳಲಿಲ್ಲ. ಜೆರಿಯೇ ಕಿವಿ ಊದಿರಬೇಕು ಎಂದು ನನಗೆ ಮೈಯೆಲ್ಲ ಉರಿಯಿತು.

ಅಂದೇ ಸಂಜೆ ಪುಟ್ಟ ಟ್ರಾನ್ಸಿಸ್ಟರ್ ಹಿಡಿದು ಸದ್ದಿನ ಬೆನ್ನು ಹತ್ತಿದೆ. ಮೂಲ ಹತ್ತಿರವಾದಷ್ಟೂ ಅದು ಜೋರಾಗಿ ಕಿರುಚುತ್ತದೆ. ಜೆರಿಯ ಗೋಡೆಯ ಬಳಿ ಸದ್ದು ಕುಗ್ಗಿತು. ನಂಬಲಾರದೆ ಎರಡು ಸಲ ನೋಡಿದೆ. ತಿರುಗಿದರೆ ಸದ್ದು ಏರುತ್ತ ಏರುತ್ತ ಲೂಸಿಬಾಯಿಯ ಕಿಟಕಿಗೆ ಹೋಗಿ ಮುಟ್ಟಿತು. ಒಳಗೆ ತೇರ್ಸ್ ನಡೆಯುತ್ತಿತ್ತು. ಇಲ್ಲಿನ ಕೊಂಕಣಿ ಕ್ರೈಸ್ತರು ಜಪಮಾಲೆ ಹಿಡಿದು ಮಾಡುವ ಸಂಜೆಯ ಪ್ರಾರ್ಥನೆಗೆ ಹಾಗೆನ್ನುತ್ತಾರೆ. ಅಲ್ತಾರಿನ, ಅಂದರೆ ಅವರ ದೇವರ ಪೀಠದ ಸುತ್ತ ಬಣ್ಣದ ದೀಪಗಳ ಸರ ಉರಿಯುತ್ತಿತ್ತು.

ಲೂಸಿಬಾಯಿ ಬಾಗಿಲು ತೆರೆದರು. “ಕಿಟಕಿಯಲ್ಲಿ ಎಂತ ಹುಡುಕ್ತೀರಿ?”

ನಿಮ್ಮ ದೀಪದಿಂದ ನನ್ನ ರೇಡಿಯೋ ಕೆಡುತ್ತಿದೆ ಎಂದೆ. ಅವರು ನನ್ನನ್ನೇ ನೋಡಿದರು. “ನನ್ನ ದೀಪ ಕೆಡುವುದು ನಿಮ್ಮಿಂದ, ಮಾರಾಯ್ತಿ. ನೀವು ಬಂದ ಮೇಲೆ ತೇರ್ಸಿನ ಹೊತ್ತಿಗೆ ಅದು ನಡುಗ್ತದೆ.”

ಆ ದೀಪದ ಸರವನ್ನು ಗಂಡ ವಾಲ್ಟರ್ ತಂದು ಕಟ್ಟಿ, ಹಡಗಿನ ಕೆಲಸಕ್ಕೆ ಹೋಗಿದ್ದರು. ಅವರು ಮರಳುವವರೆಗೆ ತೇರ್ಸಿಗೆ ಅದನ್ನು ಉರಿಸುವುದು ಲೂಸಿಬಾಯಿಯ ಹರಕೆ. ಗಂಡನ ಹೆಸರು ಹೇಳಿ ಬೇಡುವಾಗಲೇ ದೀಪ ನಡುಗಿದರೆ ಅವರು ಅಪಶಕುನ ಎಂದಲ್ಲದೆ ಇನ್ನೇನು ತಿಳಿಯಬೇಕು? ನನಗೆ ಮನೆ ಬಿಡಲು ಹೇಳಿದ್ದು ಇದಕ್ಕೇ. ಓಡಿಹೋಗಿ ರೇಡಿಯೋದಲ್ಲಿ ಮಾತಾಡಿ ತೋರಿಸಿದೆ. ನಾನು ಮಾತಾಡಿದಾಗ ದೀಪ ನಡುಗಿತು, ನಿಲ್ಲಿಸಿದಾಗ ನಡುಕ ನಿಂತಿತು. ನಾನು ಮರಳಿ ಬಂದಾಗ ಲೂಸಿಬಾಯಿ ಕುರ್ಚಿಯಲ್ಲಿ ಕುಸಿದು ಕೂತಿದ್ದರು.

“ಹಾಗಾದ್ರೆ ಅವರಿಗೆ ಎಂತದೂ ಆಗ್ಲಿಲ್ಲ ಅಲ್ವಾ?”

ಮರುದಿನ ದೀಪದ ವಯರಿಗೆ, ಇಂಥ ಸದ್ದನ್ನು ತಡೆಯುವ, ಬಳೆಯಾಕಾರದ ಕಪ್ಪು ಫೆರೈಟ್ ತುಂಡುಗಳನ್ನು ಹಾಕಿದೆ. ಗರಗರ ಅರ್ಧ ಇಳಿಯಿತು, ನಡುಕವೂ ಅಷ್ಟೇ. ಬೇರೆ ಮನೆಯ ಮಾತು ಮತ್ತೆ ಬರಲಿಲ್ಲ, ಗಂಜಿ ಬಂತು. ಜೆರಿ ಮಾತ್ರ ಈಗಲೂ ಆ ತಂತಿಯನ್ನು ಓರೆಗಣ್ಣಿನಲ್ಲೇ ನೋಡುತ್ತಾನೆ.

ಮೊನ್ನೆ ಸಂಜೆ ಸೆಟ್ಟು ಹಾಕಿದರೆ ಸದ್ದೇ ಇಲ್ಲ. ಮಾಸ್ತರರ ಸ್ವರ ಪಕ್ಕದ ಕೋಣೆಯಿಂದ ಬಂದ ಹಾಗೆ ಬಂತು, ಉಸಿರೆಳೆದುಕೊಂಡದ್ದೂ ಕೇಳಿಸಿತು. ನಾನು ಇಷ್ಟು ದಿನ ಹಂಬಲಿಸಿದ್ದು ಇದನ್ನೇ. ಆದರೂ ಕೂರಲಾಗಲಿಲ್ಲ. ದೀಪ ಯಾಕೆ ಉರಿಯುತ್ತಿಲ್ಲ? ಹಡಗಿನಿಂದ ಏನಾದರೂ ಸುದ್ದಿ ಬಂತೆ? ಎದ್ದು ಓಡಿದೆ.

ಲೂಸಿಬಾಯಿ ಮೇಣದಬತ್ತಿಯ ಮುಂದೆ ಒಬ್ಬರೇ ತೇರ್ಸ್ ಹೇಳುತ್ತಿದ್ದರು.

“ನಿಮ್ಮ ಮಾಸ್ಟ್ರ ಸ್ವರ ಸಣ್ಣ ಆಗಿದೆ ಅಂತ ನಿನ್ನೆ ಹೇಳಿದ್ರಲ್ಲ,” ಎಂದರು. “ಇವತ್ತೊಂದು ದಿವಸ ಸರಿಯಾಗಿ ಕೇಳಿಕೊಳ್ಳಿ.”

ಗೋಡೆಯಾಚೆಯಿಂದ ಮಾಸ್ತರರು ಕರೆಯುತ್ತಿದ್ದರು. “ಶಾಂತಾ, ಎಲ್ಲಿ ಅದಿ? ಕೇಳ್ತೈತೇನು?”

ಲೂಸಿಬಾಯಿ ಬೇಡ ಎನ್ನುತ್ತಿದ್ದಂತೆ ದೀಪದ ಸ್ವಿಚ್ಚು ಹಾಕಿ ನನ್ನ ಕೋಣೆಗೆ ಓಡಿ ಬಂದೆ. ಗರಗರ ಮರಳಿತ್ತು. ಇಲ್ಲೇ ಇದ್ದೀನ್ರಿ ಮಾಸ್ತರ ಎಂದೆ. ಎದುರು ಕಿಟಕಿಯಲ್ಲಿ ದೀಪದ ಸರ ನಡುಗಿತು. ಲೂಸಿಬಾಯಿಯ ಪ್ರಾರ್ಥನೆ ಈ ಸಲ ತಡವರಿಸಲಿಲ್ಲ. ಮಾಸ್ತರರು ಹೇಳಿದ್ದು ನನಗೆ ಅರ್ಧ ಮಾತ್ರ ಕೇಳಿತು, ಉಳಿದರ್ಧವನ್ನು ನಾನೇ ತುಂಬಿಕೊಂಡೆ.